ಹಾಸನಕ್ಕೆ ಬರೆದರು

ನಮ್ಮ ಸೀಮೆಯಲ್ಲಿ ಒಂದು ಮಾತಿದೆ: ‘ಹಾಸನಕ್ಕೆ ಬರೆದರು.’ ಹೊಳೆನರಸೀಪುರದ ಕಡೆಯವರಾಗಲಿ, ಅರಕಲಗೂಡಿನವರಾಗಲಿ, ಚನ್ನರಾಯಪಟ್ಟಣದವರಾಗಲಿ, ಈ ಮಾತು ಕೇಳಿದ ಮೇಲೆ ಯಾರೂ ‘ಏನು ಬರೆದರು?’ ಅಂತ ಕೇಳೋದಿಲ್ಲ. ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ. ಗಂಡಸರು ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ತಾಲೂಕು ಆಸ್ಪತ್ರೆಯಲ್ಲಿ ಆಗೋದಿಲ್ಲ ಅಂತ ಚೀಟಿ ಬರೆದು ದೊಡ್ಡಾಸ್ಪತ್ರೆಗೆ ಕಳಿಸಿದರು ಎಂದು ಅರ್ಥ. ಅಲ್ಲೂ ಆಗದಿದ್ದರೆ ‘ಮೈಸೂರಿಗೆ ಬರೆದರು’, ‘ಬೆಂಗಳೂರಿಗೆ ಬರೆದರು.’ ಅದರಾಚೆಗೆ ಬರೆಯುವವನು ಬ್ರಹ್ಮ ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದರು. ನಾವು ಹಾಗೆ ಹೇಳುವವರಲ್ಲ. ಬರೆದವರು ಯಾರು, ಯಾವ ಪುಸ್ತಕದಲ್ಲಿ ಬರೆದರು, ಬರೆದದ್ದನ್ನು ಆಮೇಲೆ ಯಾರಾದರೂ ಓದಿದರಾ ಎಂಬುದು ನಮ್ಮ ಪ್ರಶ್ನೆ.

ಪುಸ್ತಕ ಅಂದರೆ ಒಳರೋಗಿಗಳ ರಿಜಿಸ್ಟರು. ಈಗ ಕಂಪ್ಯೂಟರಿನಲ್ಲೂ ಇದೆ, ಆದರೆ ವಾರ್ಡಿನ ಮೇಜಿನ ಮೇಲೆ ಗೆರೆ ಎಳೆದ ಉದ್ದನೆ ಪುಸ್ತಕ ಇನ್ನೂ ಹೋಗಿಲ್ಲ. ಹೆಸರು, ವಯಸ್ಸು, ಊರು, ಸೇರಿದ ದಿನ, ಕಾಯಿಲೆ, ಹೊರಟ ದಿನ, ಕೊನೆಯಲ್ಲಿ ಒಂದು ಕಾಲಂ: ಏನಾಯಿತು? ವಾಸಿಯಾಗಿ ಹೋದರು, ತೀರಿಕೊಂಡರು, ಬೇರೆ ಕಡೆ ಕಳಿಸಲಾಯಿತು, ಇಲ್ಲವೆ ‘ಲಾಮಾ’. ಈ ಲಾಮಾ ಟಿಬೆಟ್ಟಿನವನಲ್ಲ. ವೈದ್ಯರ ಸಲಹೆ ಮೀರಿ ಆಸ್ಪತ್ರೆ ಬಿಟ್ಟವರು ಎಂಬುದಕ್ಕೆ ಇಂಗ್ಲಿಷಿನ ನಾಲ್ಕು ಅಕ್ಷರ. ಇವನ್ನು ತಿಂಗಳಿಗೊಮ್ಮೆ ಕೂಡಿದರೆ ಆಸ್ಪತ್ರೆಯ ಜಾತಕ ಸಿಗುತ್ತದೆ. ಹಾಸಿಗೆಗಳಲ್ಲಿ ಎಷ್ಟು ಪಾಲು ತುಂಬಿದ್ದವು, ಒಬ್ಬ ರೋಗಿ ಸರಾಸರಿ ಎಷ್ಟು ದಿನ ಮಲಗಿದ, ನೂರಕ್ಕೆ ಎಷ್ಟು ಮಂದಿ ಸತ್ತರು, ಎಷ್ಟು ಮಂದಿಯನ್ನು ಬೇರೆಡೆಗೆ ಬರೆದರು, ಎಷ್ಟು ಮಂದಿ ಹೇಳದೆ ಎದ್ದು ಹೋದರು. ಸರ್ಕಾರಿ ಆಸ್ಪತ್ರೆಗಳ ಗುಣಮಟ್ಟಕ್ಕೆ ಅಂಕ ಕೊಡುವ ರಾಷ್ಟ್ರೀಯ ಮಾನದಂಡದಲ್ಲಿ ಇವೇ ಅಳತೆಗೋಲುಗಳು. ಲೆಕ್ಕ ತಾಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜಧಾನಿಗೆ ಹೋಗುತ್ತದೆ. ಮೇಲಕ್ಕೆ ಹೋಗುವ ಲೆಕ್ಕ ಕೇರಿಗೆ ವಾಪಸ್ ಬಂದದ್ದನ್ನು ಮಾತ್ರ ನಾವು ಕಂಡಿಲ್ಲ.

2025ರ ಮೇ, ಜೂನ್ ತಿಂಗಳಲ್ಲಿ ಇಡೀ ನಾಡು ಹಾಸನದ ಕಡೆ ನೋಡಿತು. ನಲವತ್ತು ದಿನದಲ್ಲಿ ಇಷ್ಟು ಮಂದಿ ಹೃದಯಾಘಾತದಿಂದ ಸತ್ತರು ಅಂತ ಟೀವಿಯಲ್ಲಿ ದಿನಾ ಸಂಖ್ಯೆ ಏರುತ್ತಿತ್ತು, ಕ್ರಿಕೆಟ್ ಸ್ಕೋರಿನ ಹಾಗೆ. ಲಸಿಕೆ ಕಾರಣ ಅಂದವರುಂಟು, ನೀರು ಕಾರಣ ಅಂದವರುಂಟು. ಮುಖ್ಯಮಂತ್ರಿಗಳೇ ಲಸಿಕೆಯ ಬಗ್ಗೆ ಅನುಮಾನದ ಮಾತಾಡಿದರು, ಕೇಂದ್ರ ಸರ್ಕಾರ ಅಲ್ಲಗಳೆಯಿತು. ಹೆದರಿದ ಜನ ಬೆಳಗಿನ ಜಾವಕ್ಕೇ ಬಸ್ ಹತ್ತಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತನಿಖೆ ನಡೆದು, ಜುಲೈನಲ್ಲಿ ವರದಿ ಬಂತು. 24 ಸಾವುಗಳನ್ನು ಒಂದೊಂದಾಗಿ ನೋಡಿದ್ದರು. ಅದರಲ್ಲಿ 4 ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ. ಮೂತ್ರಪಿಂಡದ ಕಾಯಿಲೆ, ರಸ್ತೆ ಅಪಘಾತ, ವಿದ್ಯುತ್ ಸ್ಪರ್ಶದಂಥ ಕಾರಣಗಳು. ಉಳಿದ 20ರಲ್ಲೂ ಎಲ್ಲವೂ ಪುರಾವೆಯಿಂದ ಖಚಿತವಾದದ್ದಲ್ಲ. ಇ.ಸಿ.ಜಿ. ಇಲ್ಲ, ಮರಣೋತ್ತರ ಪರೀಕ್ಷೆ ಇಲ್ಲ, ಮನೆಯವರ ಮಾತಿನ ಮೇಲೆ ಹೀಗಿದ್ದಿರಬೇಕು ಎಂಬ ತೀರ್ಮಾನ. ಆಸ್ಪತ್ರೆಗಳಿಗೆ ಬಂದು ಸೇರಿದವರ ಸಂಖ್ಯೆಯನ್ನು ಹಿಂದಿನ ತಿಂಗಳುಗಳ ಜತೆ, ಹಿಂದಿನ ವರ್ಷದ ಜತೆ ಹೋಲಿಸಿ, ವಿಶೇಷ ಏರಿಕೆ ಇಲ್ಲ ಅಂದರು.

ಅಂದರೆ ಒಂದು ಜಿಲ್ಲೆಯ ದಿಗಿಲನ್ನು ತಣ್ಣಗೆ ಮಾಡಿದ್ದು ಯಾವುದೋ ಹೊಸ ಯಂತ್ರವಲ್ಲ, ದಾಖಲಾತಿ ಪುಸ್ತಕ. ಇದನ್ನು ನಾವು ಕಡೆಗಣಿಸುವುದಿಲ್ಲ. ಆದರೆ ಅದೇ ವರದಿಯ ಇನ್ನೊಂದು ಸಂಗತಿ ನಮ್ಮ ಗಂಟಲಲ್ಲಿ ಸಿಕ್ಕಿಕೊಂಡಿದೆ. ಸತ್ತವರಲ್ಲಿ ಸುಮಾರು ಶೇಕಡ 30ರಷ್ಟು ಮಂದಿ ಆಟೋ, ಕ್ಯಾಬ್ ಓಡಿಸುವವರು. ರಾತ್ರಿ ಹಗಲು ಸ್ಟಿಯರಿಂಗ್ ಹಿಡಿದವರು. ಹಾಸಿಗೆ ಮುಟ್ಟುವ ಮೊದಲೇ ಹೋದವನ ಹೆಸರು ಒಳರೋಗಿಗಳ ಪುಸ್ತಕದಲ್ಲಿ ಬರುವುದಿಲ್ಲ. ಆಸ್ಪತ್ರೆಯ ಲೆಕ್ಕ ಬಾಗಿಲಲ್ಲಿ ಶುರುವಾಗಿ ಬಾಗಿಲಲ್ಲೇ ಮುಗಿಯುತ್ತದೆ. ನಮ್ಮವರ ಸಾವು ಬಾಗಿಲಿನ ಈಚೆಗೂ ಇದೆ, ಆಚೆಗೂ ಇದೆ. ಇದು ಸರ್ಕಾರಕ್ಕೂ ಕಂಡಿರಬೇಕು. ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಆಸ್ಪತ್ರೆಯ ಹೊರಗೆ ಹಾಗೆ ಸತ್ತವರ ಮರಣೋತ್ತರ ಪರೀಕ್ಷೆ ಆಗಬೇಕು ಅಂತ ಆಗ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದರು.

ಲೆಕ್ಕ ಎಲ್ಲಿ ಶುರುವಾಗಬೇಕು, ಎಲ್ಲಿ ಮುಗಿಯಬೇಕು ಎಂಬ ಈ ಜಗಳ ಹಾಸನದಲ್ಲಿ ಹುಟ್ಟಿದ್ದಲ್ಲ. ಅದರ ಚರಿತ್ರೆ ಹಳೆಯದು, ಮತ್ತು ಅದು ಬಡ ಹೆಂಗಸರಿಂದ ಶುರುವಾಗುತ್ತದೆ.

ಯುರೋಪಿನ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಬರುವವರು ದುಡ್ಡಿಲ್ಲದ ಹೆಂಗಸರು, ಗಂಡ ಬಿಟ್ಟವರು, ಮನೆಗೆಲಸದವರು. ಪುಕ್ಕಟೆ ಹೆರಿಗೆಗೆ ಬದಲಾಗಿ ಅವರ ಮೈ ವಿದ್ಯಾರ್ಥಿಗಳ ಪಾಠಕ್ಕೆ. ಮೊದಲ ವಾರ್ಡು ಡಾಕ್ಟರಿಕೆ ಓದುವ ಹುಡುಗರದು, ಎರಡನೆಯದು ಸೂಲಗಿತ್ತಿತನ ಕಲಿಯುವವರದು. ದಿನ ಬಿಟ್ಟು ದಿನ ಸರದಿಯ ಮೇಲೆ ಸೇರಿಸಿಕೊಳ್ಳುತ್ತಿದ್ದರು. 1846ರಲ್ಲಿ ಮೊದಲ ವಾರ್ಡಿನಲ್ಲಿ 4010 ಹೆರಿಗೆಗೆ 459 ತಾಯಂದಿರು ಬಾಣಂತಿ ಜ್ವರದಲ್ಲಿ ಸತ್ತರು, ನೂರಕ್ಕೆ ಹನ್ನೊಂದು. ಎರಡನೆಯದರಲ್ಲಿ 3754ಕ್ಕೆ 105, ನೂರಕ್ಕೆ ಮೂರೂ ಇಲ್ಲ. ಹಂಗೇರಿಯಿಂದ ಬಂದ ಸೆಮ್ಮಲ್‌ವೈಸ್ ಎಂಬ ಕಿರಿಯ ಡಾಕ್ಟರು ಹಳೆ ಪುಸ್ತಕ ತೆಗೆದು ವರ್ಷ ವರ್ಷದ ಲೆಕ್ಕ ಎದುರುಬದುರು ಇಟ್ಟ. ಗಾಳಿ ಒಂದೇ, ಊಟ ಒಂದೇ, ಗೋಡೆಯೂ ಹೆಚ್ಚುಕಡಮೆ ಒಂದೇ. ವ್ಯತ್ಯಾಸ ಮುಟ್ಟುವ ಕೈಯಲ್ಲಿತ್ತು. ಹುಡುಗರು ಹೆಣ ಕೊಯ್ದ ಕೈಯಲ್ಲೇ ಬಂದು ಬಸುರಿಯರ ಮೈ ಮುಟ್ಟುತ್ತಿದ್ದರು. 1847ರ ಮೇ ತಿಂಗಳಲ್ಲಿ ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೆಯದೆ ಒಳಗೆ ಬರಕೂಡದು ಅಂತ ಕಟ್ಟುಮಾಡಿದ. 1848ರಲ್ಲಿ ಎರಡೂ ವಾರ್ಡುಗಳ ಸಾವು ನೂರಕ್ಕೆ ಒಂದು ಚಿಲ್ಲರೆಗೆ ಇಳಿಯಿತು.

ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ನಮಗೆ ಮುಖ್ಯವಾದದ್ದು ಇನ್ನೊಂದು. ಈ ಲೆಕ್ಕ ಡಾಕ್ಟರಿಗೆ ಗೊತ್ತಾಗುವ ಮೊದಲೇ ಆ ಹೆಂಗಸರಿಗೆ ಗೊತ್ತಿತ್ತು! ಮೊದಲ ವಾರ್ಡಿನ ದಿನ ಬಂದವರು ಕಾಲಿಗೆ ಬಿದ್ದು ಎರಡನೆಯದಕ್ಕೆ ಹಾಕಿ ಅಂತ ಬೇಡುತ್ತಿದ್ದರು. ಎಷ್ಟೋ ಮಂದಿ ಬೀದಿಯಲ್ಲೇ ಹೆತ್ತು ಆಮೇಲೆ ಬಂದು ಸೇರುತ್ತಿದ್ದರು. ಬೀದಿಯಲ್ಲಿ ಹೆತ್ತವರಿಗೆ ಜ್ವರ ಕಡಿಮೆ ಎಂಬುದೂ ಆಮೇಲೆ ಪುಸ್ತಕದಲ್ಲಿ ಕಂಡಿತು. ದೊಡ್ಡ ವೈದ್ಯರು ಇದನ್ನು ಹೆಂಗಸರ ಹೆದರಿಕೆ ಅಂದರು. ಸೆಮ್ಮಲ್‌ವೈಸನ ಮಾತನ್ನೂ ಒಪ್ಪಲಿಲ್ಲ. ತಮ್ಮ ಕೈಯೇ ಮೈಲಿಗೆ ಅಂದರೆ ಯಾವ ದೊಡ್ಡ ಮನುಷ್ಯ ಒಪ್ಪುತ್ತಾನೆ? ಮೈಲಿಗೆ ಯಾವಾಗಲೂ ಬಡವರ ಮೈಯಲ್ಲೇ ಇರಬೇಕು. ಆತ ಕೆಲಸ ಕಳಕೊಂಡು, 1865ರಲ್ಲಿ ಹುಚ್ಚರ ಆಸ್ಪತ್ರೆಯಲ್ಲಿ ಸತ್ತ.

ಅದಾದ ಮೇಲೆ ಇಂಗ್ಲೆಂಡಿನ ಫ್ಲಾರೆನ್ಸ್ ನೈಟಿಂಗೇಲ್. ಆಕೆಯನ್ನು ನಮ್ಮ ಪಾಠದ ಪುಸ್ತಕಗಳು ದೀಪ ಹಿಡಿದ ಮಹಿಳೆ ಅಂತ ಒಂದು ಚಿತ್ರ ಹಾಕಿ ಮುಗಿಸಿದವು. ಆಕೆಯ ಇನ್ನೊಂದು ಕೈಯಲ್ಲಿ ಲೆಕ್ಕದ ಹಾಳೆ ಇತ್ತು ಅಂತ ನಮಗೆ ಯಾವ ಮೇಷ್ಟರೂ ಹೇಳಲಿಲ್ಲ. 1860ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮಾವೇಶದ ಮುಂದೆ, ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ರೋಗಿಗಳ ಲೆಕ್ಕ ಇಡಬೇಕು ಎಂಬ ಆಕೆಯ ಯೋಜನೆ ಬಂತು. ಆಸ್ಪತ್ರೆಗಳು ಸ್ವಲ್ಪ ದಿನ ತುಂಬಿದವು. ಆಮೇಲೆ ಖರ್ಚು, ತಾಪತ್ರಯ ಅಂತ ಕೈಬಿಟ್ಟವು.

ಆಕೆಯೂ ಒಂದು ಕಡೆ ಎಡವಿದಳು, ಮತ್ತು ಆ ಎಡವಿದ ಕಲ್ಲು ಇವತ್ತಿಗೂ ನಮ್ಮ ದಾರಿಯಲ್ಲಿದೆ. 1863ರ ಪುಸ್ತಕದಲ್ಲಿ ಲಂಡನ್ನಿನ 24 ಆಸ್ಪತ್ರೆಗಳ ಸಾವಿನ ಪ್ರಮಾಣ ನೂರಕ್ಕೆ 90.84 ಅಂತ ಅಚ್ಚಾಯಿತು. ಓದಿದವರು ಬೆಚ್ಚಿಬಿದ್ದರು. ಆಸ್ಪತ್ರೆಗೆ ಹೋದ ನೂರರಲ್ಲಿ ತೊಂಬತ್ತು ಮಂದಿ ಸಾಯುತ್ತಾರಾ? ಇಲ್ಲ. ವರ್ಷವಿಡೀ ಸತ್ತವರ ಸಂಖ್ಯೆಯನ್ನು ಯಾವುದೋ ಒಂದು ದಿನ ಹಾಸಿಗೆ ಮೇಲಿದ್ದವರ ಸಂಖ್ಯೆಯಿಂದ ಭಾಗಿಸಿದ್ದರು. ಒಂದೇ ಹಾಸಿಗೆಯಲ್ಲಿ ವರ್ಷಕ್ಕೆ ಹತ್ತು ಹದಿನೈದು ಜನ ಮಲಗಿ ಎದ್ದು ಹೋಗುತ್ತಾರೆ ಎಂಬುದು ಲೆಕ್ಕಕ್ಕೆ ಬರಲಿಲ್ಲ. ವೈದ್ಯರು ಇನ್ನೊಂದು ಆಕ್ಷೇಪವನ್ನೂ ಎತ್ತಿದರು. ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಸಾವು ಕಡಿಮೆ ಅಂತೀರಿ, ಅಲ್ಲಿ ಹಗುರ ಕಾಯಿಲೆಯವರು ಸೇರುತ್ತಾರೆ, ಕಡುಕಷ್ಟದವರೆಲ್ಲ ನಮ್ಮ ಕಡೆ ಬರುತ್ತಾರೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ಯಾವ ನ್ಯಾಯ? ತಮ್ಮ ತಪ್ಪು ಮುಚ್ಚಿಕೊಳ್ಳಲು ಎತ್ತಿದ ಮಾತೂ ಇರಬಹುದು. ಆದರೂ ಮಾತು ಸರಿ.

ಆ ತಕ್ಕಡಿಯನ್ನು ನಮ್ಮೂರಿಗೆ ತರೋಣ. ಒಂದು ತಾಲೂಕು ಆಸ್ಪತ್ರೆಯಲ್ಲಿ ತಿಂಗಳಿಗೆ 400 ಮಂದಿ ಒಳರೋಗಿಗಳಾದರು ಅಂತ ಇಟ್ಟುಕೊಳ್ಳಿ. ಲೆಕ್ಕ ತಿಳಿಯಲಿ ಅಂತ ಹೇಳುವ ಸಂಖ್ಯೆ ಇದು, ಯಾವ ಆಸ್ಪತ್ರೆಯದೂ ಅಲ್ಲ. ಇಬ್ಬರು ಸತ್ತರು. ನೂರಕ್ಕೆ ಅರ್ಧ. ಬಹುಮಾನ ಕೊಡಬೇಕಾದ ಆಸ್ಪತ್ರೆ! ಆದರೆ ಅದೇ ತಿಂಗಳು 60 ಮಂದಿಯನ್ನು ಹಾಸನಕ್ಕೆ ಬರೆದಿದ್ದರು. ಆ ಅರವತ್ತರಲ್ಲಿ ಹತ್ತು ಮಂದಿ ದಾರಿಯಲ್ಲೋ, ಹಾಸನದಲ್ಲೋ, ಮೈಸೂರಲ್ಲೋ ತೀರಿಕೊಂಡರು ಅನ್ನಿ. ಈಗ ಸಾವು ಹನ್ನೆರಡು. ನೂರಕ್ಕೆ ಅರ್ಧ ಇದ್ದದ್ದು ಮೂರಾಯಿತು, ಆರು ಪಟ್ಟು. ಇತ್ತ ಹಾಸನದ ಆಸ್ಪತ್ರೆಗೆ ಎಲ್ಲ ತಾಲೂಕುಗಳಿಂದ ಕೊನೆಯುಸಿರಿನವರು ಬಂದು ಬೀಳುತ್ತಾರೆ, ಅದರ ಲೆಕ್ಕ ಕೆಟ್ಟದಾಗಿ ಕಾಣುತ್ತದೆ. ಅಲ್ಲಿ ರಾತ್ರಿ ಪಾಳಿಯಲ್ಲಿ ಮೈಮುರಿದು ದುಡಿಯುವ ನರ್ಸಮ್ಮನಿಗೆ ಬೈಗುಳ, ಮೊದಲ ಚೀಟಿ ಬರೆದು ಕೈತೊಳೆದುಕೊಂಡ ಕಡೆಗೆ ಶಹಬ್ಬಾಸ್. ಹಾಗಂತ ಬರೆಯೋದೇ ತಪ್ಪು ಅಂತ ನಾವು ಹೇಳುತ್ತಿಲ್ಲ. ಮೂರೂ ತಾಲೂಕು ಕೇಂದ್ರಗಳಿಂದ ಹಾಸನ ಸುಮಾರು 30ರಿಂದ 40 ಕಿಲೋಮೀಟರು. ಹೊತ್ತಿಗೆ ಸರಿಯಾಗಿ ಬರೆದು, ಆಂಬುಲೆನ್ಸಿನಲ್ಲಿ ಆಮ್ಲಜನಕ ಹಾಕಿ ಕಳಿಸಿದರೆ ಅದು ಜೀವ ಉಳಿಸುವ ಬರವಣಿಗೆ. ಯಾವುದು ಉಳಿಸಿದ್ದು, ಯಾವುದು ಸಾಗಹಾಕಿದ್ದು ಅಂತ ತಿಳಿಯಬೇಕಾದರೆ ಎರಡು ಪುಸ್ತಕಗಳನ್ನು ಜೋಡಿಸಿ ಓದಬೇಕು.

ನಮ್ಮಲ್ಲೊಬ್ಬರ ದೊಡ್ಡಪ್ಪನ ಕಥೆ ಇದೇ. ಆಲೂಗೆಡ್ಡೆ ಮಂಡಿಯಲ್ಲಿ ಮೂಟೆ ಹೊರುತ್ತಿದ್ದವರು. ರಾತ್ರಿ ಎದೆ ಹಿಡಕೊಂಡು ಕೂತರು. ಒಂದು ತಾಲೂಕು ಆಸ್ಪತ್ರೆಗೆ ಸೇರಿಸಿ ಒಂದು ತಾಸು ಆಗಿರಬೇಕು, ಚೀಟಿ ಬಂತು. ‘ಏನಂತವ್ರೆ ಮಗಾ?’ ಅಂತ ದೊಡ್ಡವ್ವ ಕೇಳಿದರು. ‘ದೊಡ್ಡಾಸ್ಪತ್ರೆಗೆ ಬರ್ದವ್ರೆ ಕಣ್ ದೊಡ್ಡವ್ವ.’ ಆಂಬುಲೆನ್ಸು ಇನ್ನೊಂದು ಕಡೆ ಹೋಗಿತ್ತು. ಗೂಡ್ಸ್ ಆಟೋದಲ್ಲಿ ಗೋಣಿಚೀಲ ಹಾಸಿ ಮಲಗಿಸಿದರು. ದೊಡ್ಡಾಸ್ಪತ್ರೆಯಲ್ಲಿ ನೋಡಿದವರು ನಾಡಿ ಹಿಡಿದು, ತರುವಾಗಲೇ ಹೋಗಿದೆ ಅಂದರು. ಮೊದಲ ಪುಸ್ತಕದಲ್ಲಿ ಅವರು ಸತ್ತಿಲ್ಲ, ‘ಬೇರೆಡೆಗೆ ಕಳಿಸಲಾಯಿತು.’ ಎರಡನೆಯ ಪುಸ್ತಕದಲ್ಲಿ ಅವರು ಸೇರಿಯೇ ಇಲ್ಲ. ಎರಡು ಆಸ್ಪತ್ರೆಗಳ ಒಳರೋಗಿ ಲೆಕ್ಕವೂ ಶುಭ್ರ. ದೊಡ್ಡಪ್ಪ ಮಾತ್ರ ಇಲ್ಲ.

ಸತ್ತರೂ ಪುಸ್ತಕಕ್ಕೆ ಬಾರದ ಚರಿತ್ರೆ ನಮ್ಮವರಿಗೆ ಹೊಸದಲ್ಲ. ಅಂಬೇಡ್ಕರ್ ಅವರು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಕಾಠಿಯಾವಾಡದ ಒಂದು ಪ್ರಸಂಗ ಸೇರಿಸಿದ್ದಾರೆ. ಅಸ್ಪೃಶ್ಯ ಮೇಷ್ಟರೊಬ್ಬರು ಬರೆದ ಪತ್ರ, 1929ರ ಡಿಸೆಂಬರಿನಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಅಚ್ಚಾದದ್ದು. ಮೇಷ್ಟರ ಹೆಂಡತಿ ಹೆತ್ತು ಎರಡು ದಿನಕ್ಕೆ ಕಾಯಿಲೆ ಬಿದ್ದಳು. ಡಾಕ್ಟರು ಕೇರಿಗೆ ಬರೋದಿಲ್ಲ ಅಂದ. ಊರ ದೊಡ್ಡವರು ಹೇಳಿ, ಎರಡು ರೂಪಾಯಿ ಫೀಜಿಗೆ ಜಾಮೀನು ನಿಂತ ಮೇಲೆ ಬಂದವನು, ಹಸಿ ಬಾಣಂತಿಯನ್ನು ಕೇರಿಯ ಹೊರಗೆ ತರಿಸಿದ. ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ, ಅವನು ಗಂಡನ ಕೈಗೆ, ಗಂಡ ಹೆಂಡತಿಯ ಬಾಯಿಗೆ. ವಾಪಸ್ಸೂ ಅದೇ ದಾರಿ. ಮುಟ್ಟದೆ ನ್ಯುಮೋನಿಯಾ ಅಂದ. ಆಕೆ ಉಳಿಯಲಿಲ್ಲ. ಪತ್ರ ಬರೆಯಬಲ್ಲ ಗಂಡ ಇದ್ದದ್ದರಿಂದ ಆಕೆ ನಮಗೆ ಗೊತ್ತು. ಅಕ್ಷರ ಬಾರದ ಗಂಡಂದಿರ ಹೆಂಡಿರ ಲೆಕ್ಕ?

ಹಳೆ ಮೈಸೂರು ಸಂಸ್ಥಾನದ ಆಡಳಿತ ವರದಿಗಳಲ್ಲೂ ಆಸ್ಪತ್ರೆಗಳ ಅಧ್ಯಾಯ ಇರುತ್ತಿತ್ತು. ಒಳರೋಗಿಗಳೆಷ್ಟು, ಹೊರರೋಗಿಗಳೆಷ್ಟು. ಹಾಸನದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ವೆಸ್ಲಿಯನ್ ಮಿಷನ್ನಿನವರು ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ ಕಟ್ಟಿದರು. ಶ್ರೀ ಚಾಮರಾಜೇಂದ್ರ ಆಸ್ಪತ್ರೆ ಬಹುಕಾಲ ಜಿಲ್ಲೆಯ ದೊಡ್ಡಾಸ್ಪತ್ರೆಯಾಗಿದ್ದು, 2006ರಲ್ಲಿ ಶುರುವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯಾಯಿತು. ಈ ನೂರಿಪ್ಪತ್ತು ವರ್ಷದಲ್ಲಿ ಹಾಸಿಗೆ ಹೆಚ್ಚಿವೆ, ನಮ್ಮವರೂ ಹಾಸಿಗೆ ಮೇಲೆ ಮಲಗಿದ್ದಾರೆ, ನಮ್ಮ ಕೇರಿಯ ಹೆಣ್ಣುಮಕ್ಕಳು ನರ್ಸುಗಳೂ ಆಗಿದ್ದಾರೆ. ಇದು ಸಣ್ಣ ಮಾತಲ್ಲ. ಆದರೆ ಪುಸ್ತಕದ ಕೊನೆಯ ಕಾಲಂ ಅಲ್ಲಿಗೇ ನಿಂತಿದೆ.

ಆ ಕಾಲಂನ ಆಚೆಗೆ ಹೋದವನು ಒಬ್ಬನಿದ್ದ. ಅಮೆರಿಕದ ಬೋಸ್ಟನ್ನಿನ ಸರ್ಜನ್ ಅರ್ನೆಸ್ಟ್ ಕಾಡ್‌ಮನ್. ಆಪರೇಷನ್ ಮಾಡಿ ಹೊಲಿಗೆ ಹಾಕಿ ಕಳಿಸಿದರೆ ಆಯಿತಾ, ಒಂದು ವರ್ಷದ ಮೇಲೆ ಆ ಮನುಷ್ಯ ಹೇಗಿದ್ದಾನೆ ಅಂತ ಹುಡುಕಿ ಕೇಳಬೇಡವಾ ಅಂದ. ಒಬ್ಬೊಬ್ಬ ರೋಗಿಗೆ ಒಂದೊಂದು ಕಾರ್ಡು. ತನ್ನದೇ ಸಣ್ಣ ಆಸ್ಪತ್ರೆ ಕಟ್ಟಿ, 1911ರಿಂದ 1916ರವರೆಗೆ ಬಿಡುಗಡೆಯಾದ 337 ರೋಗಿಗಳಲ್ಲಿ ತನ್ನ ಕಡೆಯಿಂದ ಆದ 123 ತಪ್ಪುಗಳನ್ನು ತಾನೇ ಅಚ್ಚು ಹಾಕಿಸಿದ. ವೃತ್ತಿಬಾಂಧವರು ಅವನ ಮುಖ ನೋಡೋದು ಬಿಟ್ಟರು. ಅಂಥ ಪುಸ್ತಕವನ್ನು ನಮ್ಮ ಇಲಾಖೆಗಳು ಅಚ್ಚು ಹಾಕಿಸಿದರೆ ನಾವು ಹಾರ ಹಾಕುತ್ತೇವೆ, ಕಲ್ಲು ಹೊಡೆಯೋದಿಲ್ಲ.

ಕರ್ನಾಟಕದಲ್ಲೇ ಆಸ್ಪತ್ರೆಯ ಲೆಕ್ಕವನ್ನು ಮನೆ ಬಾಗಿಲಲ್ಲಿ ಮಾಡಿದ ಒಂದು ಉದಾಹರಣೆ ಇದೆ. 2010ರಲ್ಲಿ ಗುಲ್ಬರ್ಗಾ ವಿಭಾಗದಲ್ಲಿ ವಾಜಪೇಯಿ ಆರೋಗ್ಯಶ್ರೀ ಶುರುವಾಯಿತು. ಹೃದಯ, ಕ್ಯಾನ್ಸರು, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗೆ ಬಿ.ಪಿ.ಎಲ್. ಕಾರ್ಡಿನವರಿಗೆ ಪುಕ್ಕಟೆ ಚಿಕಿತ್ಸೆ. ಯೋಜನೆ ಬಂದ 300 ಹಳ್ಳಿ, ಗಡಿಯಾಚೆಗೆ ಇನ್ನೂ ಬಾರದ 272 ಹಳ್ಳಿ, ಎರಡೂ ಕಡೆ ಮನೆ ಮನೆಗೆ ಹೋಗಿ ಯಾರು ಸತ್ತರು, ಏನಾಗಿ ಸತ್ತರು ಅಂತ ಕೇಳಿದರು. ಯೋಜನೆಗೆ ಸೇರಿದ ಕಾಯಿಲೆಗಳಿಂದ ಬಡವರ ಮನೆಗಳಲ್ಲಿ ಆದ ಸಾವು ಈ ಕಡೆ ಶೇಕಡ 0.32, ಆ ಕಡೆ 0.90. 2014ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಇದು ಪ್ರಕಟವಾಯಿತು. ಸರ್ಕಾರದ ಜಾಹೀರಾತನ್ನು ನಂಬದ ನಾವೂ ಈ ಲೆಕ್ಕದ ಮುಂದೆ ಸುಮ್ಮನಾಗಬೇಕಾಯಿತು. ಆಸ್ಪತ್ರೆಯ ಪುಸ್ತಕ ಎಷ್ಟು ಆಪರೇಷನ್ ಆಯಿತು ಅಂತ ಹೇಳೀತು. ಎಷ್ಟು ಮನೆಯಲ್ಲಿ ಒಲೆ ಆರಲಿಲ್ಲ ಅಂತ ಮನೆಯೇ ಹೇಳಬೇಕು.

ಹಾಗಾದರೆ ನಮ್ಮ ನಾಲ್ಕು ಊರುಗಳಲ್ಲಿ ಏನು ಕೇಳಬೇಕು? ಗೆಳೆಯರೇ, ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿ ಅಂತ ಒಂದಿರುತ್ತದೆ, ಅದರ ಸಭೆ ಗೋಡೆಗೆ ಬಣ್ಣ ಬಳಿಯುವ ಚರ್ಚೆಗೆ ಮಾತ್ರ ಇರೋದಲ್ಲ. ತಿಂಗಳಿಗೆ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿಯನ್ನು ಬರೆದರು, ರಾತ್ರಿ ಎಷ್ಟು, ಹಗಲು ಎಷ್ಟು. ರಾತ್ರಿ ಬರೆದದ್ದೇ ಹೆಚ್ಚಾದರೆ ರಾತ್ರಿ ಡಾಕ್ಟರಿಲ್ಲವಾ ಅಂತ ಕೇಳಬಹುದು. ಸಿಸೇರಿಯನ್ನಿಗೆ ಅಂತ ಬರೆದದ್ದೇ ಹೆಚ್ಚಾದರೆ ಅರಿವಳಿಕೆ ಡಾಕ್ಟರ ಹುದ್ದೆ ಖಾಲಿಯಾ ಅಂತ ಕೇಳಬಹುದು. ಎದೆನೋವಿನವರ ವಿಷಯದಲ್ಲಿ ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆ ಒಂದು ಒಳ್ಳೆಯ ಅಳತೆ ಕೈಗೆ ಕೊಟ್ಟಿದೆ. ತಾಲೂಕು ಆಸ್ಪತ್ರೆಯಲ್ಲೇ ಇ.ಸಿ.ಜಿ. ತೆಗೆದು, ದೂರದ ತಜ್ಞರು ನೋಡಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಪುಕ್ಕಟೆ ಕೊಡಬೇಕು. ಬಾಗಿಲಿಗೆ ಬಂದ ಗಳಿಗೆಯಿಂದ ಸೂಜಿ ಚುಚ್ಚುವ ಗಳಿಗೆಗೆ ಅರ್ಧ ಗಂಟೆ ಮೀರಬಾರದು ಅಂತ ವೈದ್ಯಶಾಸ್ತ್ರ ಹೇಳುತ್ತದೆ. ಎಷ್ಟು ಮಂದಿಗೆ ಅರ್ಧ ಗಂಟೆಯಲ್ಲಿ ಆಯಿತು? ಇದಕ್ಕೆ ಉತ್ತರ ಗಡಿಯಾರ ನೋಡಿ ಬರೆದರೆ ಸಾಕು.

ಇನ್ನು ಲಾಮಾ. ಸಲಹೆ ಮೀರಿ ಹೋದರು ಅಂತ ಬರೆದರೆ ತಪ್ಪೆಲ್ಲ ರೋಗಿಯ ತಲೆ ಮೇಲೆ. ಯಾಕೆ ಹೋದ? ಮನೆಯಲ್ಲಿ ಹಸು ಕರೆಯುವವರಿಲ್ಲ, ಕೂಲಿ ತಪ್ಪಿದರೆ ರಾಗಿ ಇಲ್ಲ, ಹೊರಗಿನಿಂದ ತರಿಸಿದ ಔಷಧಿಗೆ ದುಡ್ಡು ಮುಗಿಯಿತು, ಅಥವಾ ಪಕ್ಕದ ಹಾಸಿಗೆಯವರು ಕೇರಿ ಕೇಳಿ ಮಗ್ಗುಲು ತಿರುಗಿದರು. ‘ಕಾರಣ’ ಅಂತ ಒಂದು ಕಾಲಂ ಬೇಕು. ಅದನ್ನು ಬರೆಯುವಾಗ ರೋಗಿಯನ್ನು ಗದರಿಸದ ಒಬ್ಬರು ಬೇಕು. ಬಿಟ್ಟು ಹೋದವರು ಯಾವ ಕೇರಿಯವರು ಹೆಚ್ಚು ಅಂತಲೂ ನೋಡಬೇಕು. ಜಾತಿ ಬರೆದರೆ ಜಾತಿ ಬೆಳೆಯುತ್ತದೆ ಅನ್ನುವ ಸಭ್ಯರಿಗೆ ನಾವು ಹೇಳುವುದಿಷ್ಟೆ: ಬರೆಯದೆ ಇದ್ದಾಗ ಅದು ಸೊರಗಿದ್ದನ್ನು ಎಲ್ಲಿ ಕಂಡಿರಿ? ಜತೆಗೆ ನಮ್ಮವರಿಗೂ ಒಂದು ಎಚ್ಚರಿಕೆ. ನಾವು ಕೇಳಬೇಕಾದದ್ದು ಒಟ್ಟು ಸಂಖ್ಯೆ, ಹೆಸರುಗಳಲ್ಲ. ಯಾರಿಗೆ ಎಚ್.ಐ.ವಿ., ಯಾರು ಬಸಿರು ತೆಗೆಸಿದರು, ಯಾರು ವಿಷ ಕುಡಿದು ಬದುಕಿದರು ಎಂಬ ಪುಟ ಬೀದಿಗೆ ಬಂದರೆ, ಆ ಹುಡುಗಿ ಇನ್ನೊಮ್ಮೆ ಆಸ್ಪತ್ರೆ ಮೆಟ್ಟಿಲು ಹತ್ತೋದಿಲ್ಲ.

ನಾವು ಕೆಲವರು, ಇಬ್ಬರು ಶಾಲಾ ಮೇಷ್ಟರು, ಒಬ್ಬ ಆಶಾ ಅಕ್ಕ, ಕಾಲೇಜಿನ ಮೂರು ಹುಡುಗರು ಸೇರಿ ಇನ್ನೂರು ಪುಟದ ಒಂದು ನೋಟ್‌ಬುಕ್ಕಿಗೆ ಗೆರೆ ಎಳೆದಿದ್ದೇವೆ. ಹೆಸರಿನ ಬದಲು ಒಂದು ಗುರುತಿನ ಅಂಕೆ. ಮನೆ ಬಿಟ್ಟ ಹೊತ್ತು. ಮೊದಲ ಆಸ್ಪತ್ರೆ ಮುಟ್ಟಿದ ಹೊತ್ತು. ಎಲ್ಲಿಗೆ ಬರೆದರು, ಯಾಕೆ ಅಂತ ಹೇಳಿದರಾ. ಯಾವ ಗಾಡಿ, ಎಷ್ಟು ಕೊಟ್ಟರು. ಎರಡನೆಯ ಆಸ್ಪತ್ರೆ ಮುಟ್ಟಿದ ಹೊತ್ತು. ಮೂವತ್ತು ದಿನದ ಮೇಲೆ ಹೇಗಿದ್ದಾರೆ. ಮೊದಲ ಸಾಲಿಗೆ ದೊಡ್ಡಪ್ಪನನ್ನೇ ಬರೆಯೋಣ ಅಂತ ಕೂತೆವು. ಮನೆ ಬಿಟ್ಟದ್ದು ರಾತ್ರಿ ಊಟದ ಮೇಲೆ ಅಂತ ದೊಡ್ಡವ್ವನಿಗೆ ನೆನಪಿದೆ. ಗೂಡ್ಸ್ ಆಟೋಗೆ ಎಷ್ಟು ಕೊಟ್ಟದ್ದು ಅಂತಲೂ ನೆನಪಿದೆ, ಆ ಸಾಲ ತೀರಿಸಿದವರು ಅವರೇ. ಆಸ್ಪತ್ರೆ ಮುಟ್ಟಿದ ಹೊತ್ತು ಕೇಳಿದ್ದಕ್ಕೆ, ‘ಗಡಿಯಾರ ನೋಡಾ ಹೊತ್ತಾ ಅದು?’ ಅಂದರು. ಆ ಎರಡು ಮನೆ ಖಾಲಿ ಬಿಟ್ಟು, ಎರಡನೆಯ ಸಾಲಿಗೆ ಹೋದೆವು.